ಬಣ್ಣದ ಬಟ್ಟೆಯೂ ಹೊಳೆಯ ನೀರೂ

ನೇಕಾರಿಕೆಯನ್ನು ನಂಬಿ ಬಾಳುತ್ತಿರುವ ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ಬಣ್ಣವೆಂಬುದು ಬರಿಯ ಅಲಂಕಾರದ ಮಾತಲ್ಲ. ಅದು ಅನ್ನದ ಮಾತು. ಇಳಕಲ್ಲಿನ ಸೀರೆಗೆ ಅದರ ಕೆಂಪು ಸೆರಗೇ ಗುರುತು. ಗುಳೇದಗುಡ್ಡದ ಖಣಕ್ಕೆ ಬಣ್ಣವೇ ಜೀವ. ರಬಕವಿ-ಬನಹಟ್ಟಿಯ ಎಷ್ಟೋ ಮಗ್ಗಗಳಿಗೆ ನೂಲಿನ ಲಡಿಗಳು ಬಣ್ಣದ ಹಂಡೆಯಲ್ಲಿ ಮಿಂದೇ ಬರಬೇಕು. ಆದುದರಿಂದ ಬಣ್ಣದ ಉದ್ಯೋಗವನ್ನೇ ನಿಲ್ಲಿಸಿರೆಂದು ಕೂಗುವವರ ಸಾಲಿನಲ್ಲಿ ನಾನಿಲ್ಲವೆಂಬುದನ್ನು ಮೊದಲಿಗೇ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಬರೆಯಬಯಸುವುದು ವಿದ್ಯಾವಂತರಲ್ಲಿಯೂ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯನ್ನು ಕುರಿತು. ಹೊರಬಿಟ್ಟ ನೀರಿನ ಬಣ್ಣ ಹೋಯಿತೆಂದರೆ ಅದರ ದೋಷವೂ ಹೋಯಿತೆಂಬುದೇ ಆ ತಿಳಿವಳಿಕೆ.

ವಿಜ್ಞಾನದ ತರಗತಿಯಲ್ಲಿ ನಾನೊಂದು ಸಣ್ಣ ಪ್ರಯೋಗವನ್ನು ಮಾಡಿಸುವುದುಂಟು. ಒಂದು ಗಾಜಿನ ಪಾತ್ರೆಯ ನೀರಿಗೆ ಎರಡು ಚಮಚ ಉಪ್ಪನ್ನೂ ನಾಲ್ಕು ಹನಿ ಶಾಯಿಯನ್ನೂ ಬೆರೆಸಿ, ಪಟುಗೊಳಿಸಿದ ಇದ್ದಿಲಿನ ಪುಡಿಯ ಮೂಲಕ ಮೆಲ್ಲನೆ ಸೋಸುತ್ತೇವೆ. ಕೆಳಗಿಳಿದ ನೀರು ತಿಳಿಯಾಗಿರುತ್ತದೆ. “ಶುದ್ಧವಾಯಿತು, ಸರ್” ಎಂದು ಹುಡುಗರು ಒಕ್ಕೊರಲಿನಿಂದ ಹೇಳುತ್ತಾರೆ. ಆ ನೀರನ್ನು ಪಿಂಗಾಣಿಯ ಬಟ್ಟಲಿನಲ್ಲಿ ಕಾಯಿಸಿ ಆರಿಸಿದಾಗ ತಳದಲ್ಲಿ ಬೆಳ್ಳಗಿನ ಪದರವೊಂದು ಉಳಿಯುತ್ತದೆ. ಹಾಕಿದ ಉಪ್ಪೆಲ್ಲವೂ ಅಲ್ಲಿಯೇ ಇದೆ. ಇದ್ದಿಲು ಅದನ್ನು ಮುಟ್ಟಿಯೂ ಇಲ್ಲ. ನಮ್ಮ ಕಣ್ಣು ಎಷ್ಟು ಸುಲಭವಾಗಿ ಮೋಸಹೋಗುತ್ತದೆಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯವನ್ನು ನಾನು ಕಂಡಿಲ್ಲ.

ಬಣ್ಣದ ಮನೆಯಲ್ಲಿ ಉಪ್ಪಿಗೇನು ಕೆಲಸವೆಂದು ಕೇಳಬಹುದು. ಹತ್ತಿಯ ನೂಲು ನೀರಿನಲ್ಲಿ ನೆನೆದಾಗ ಅದರ ಮೈಮೇಲೆ ಋಣ ವಿದ್ಯುದಂಶವಿರುತ್ತದೆ. ಇಂದು ಹೆಚ್ಚು ಬಳಕೆಯಲ್ಲಿರುವ ರಿಯಾಕ್ಟಿವ್ ಬಣ್ಣಗಳ ಕಣಗಳಲ್ಲಿಯೂ ಅದೇ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಬೆರೆತಾಗ ಈ ವಿರೋಧ ತಗ್ಗಿ ಬಣ್ಣವು ನೂಲಿನತ್ತ ಸರಿಯುತ್ತದೆ. ಅನಂತರ ಸೋಡಾ ಹಾಕಿದಾಗ ಎಳೆಗೂ ಬಣ್ಣಕ್ಕೂ ಬಿಡಿಸಲಾಗದ ರಾಸಾಯನಿಕ ಬಂಧ ಏರ್ಪಡುತ್ತದೆ. ಎಷ್ಟು ತೊಳೆದರೂ ಬಣ್ಣ ಬಿಡದಿರುವುದಕ್ಕೆ ಇದೇ ಕಾರಣ. 1956ರಲ್ಲಿ ಮಾರುಕಟ್ಟೆಗೆ ಬಂದ ಈ ಬಣ್ಣಗಳು ಹತ್ತಿ ಬಟ್ಟೆಯ ಚರಿತ್ರೆಯನ್ನೇ ಬದಲಿಸಿದವು. ಆದರೆ ಹಾಕಿದ ಬಣ್ಣದಲ್ಲಿ ಒಂದು ಪಾಲು ನೂಲಿಗೆ ಹತ್ತದೆ ನೀರಿನೊಡನೆಯೇ ಕೂಡಿಕೊಂಡು ವ್ಯರ್ಥವಾಗುತ್ತದೆ. ಉಪ್ಪಂತೂ ನೂಲಿನಲ್ಲಿ ನಿಲ್ಲುವುದೇ ಇಲ್ಲ. ಗಾಢ ಬಣ್ಣಕ್ಕೆ ಒಂದು ಲೀಟರು ನೀರಿಗೆ 40 ಗ್ರಾಮಿನಿಂದ 100 ಗ್ರಾಮಿನವರೆಗೂ ಉಪ್ಪು ಬೇಕಾಗುವುದುಂಟು. ಸಮುದ್ರದ ನೀರಿನಲ್ಲಿರುವುದು ಲೀಟರಿಗೆ ಸುಮಾರು 35 ಗ್ರಾಂ. ಅಂದರೆ ಒಳನಾಡಿನ ನಮ್ಮ ಊರಿನಲ್ಲಿಯೇ ದಿನಂಪ್ರತಿ ಕಡಲಿಗಿಂತ ಉಪ್ಪಾದ ನೀರನ್ನು ಕೈಯಾರೆ ತಯಾರಿಸಿ, ಕೆಲಸವಾದೊಡನೆ ಚೆಲ್ಲುತ್ತಿದ್ದೇವೆ. ತೊಳೆದ ನೀರು ಸೇರಿ ಅದು ತೆಳುವಾಗಬಹುದು. ಉಪ್ಪಿನ ಒಟ್ಟು ತೂಕ ಮಾತ್ರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗದು.

ಇದರ ಪರಿಣಾಮವನ್ನು ಕಾಣಲು ನೆರೆಯ ತಮಿಳುನಾಡಿನ ತಿರುಪ್ಪೂರಿನತ್ತ ನೋಡಬೇಕು. ಪಶ್ಚಿಮ ಘಟ್ಟದ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು ತಿರುಪ್ಪೂರುಗಳನ್ನು ಹಾದು, ಕರೂರಿನ ಸೀಮೆಯಲ್ಲಿ ಕಾವೇರಿಯನ್ನು ಸೇರುವ ನೊಯ್ಯಲ್ ಎಂಬ ನದಿ ಅಲ್ಲಿದೆ. ಬನಿಯನ್ ಬಟ್ಟೆಯ ರಫ್ತಿನಿಂದ ತಿರುಪ್ಪೂರು ಜಗತ್ಪ್ರಸಿದ್ಧವಾದಂತೆ ಬಣ್ಣದ ಹಾಗೂ ಚಲುವೆಯ ಕಾರ್ಖಾನೆಗಳ ನೀರೆಲ್ಲ ಆ ನದಿಗೆ ಹರಿಯಿತು. ರೈತರ ಹೊಲಗಳಿಗೆ ನೀರುಣಿಸಲೆಂದು ಒರತ್ತುಪಾಳೆಯಂ ಎಂಬಲ್ಲಿ ಕಟ್ಟಿದ ಅಣೆಕಟ್ಟು 1990ರ ದಶಕದ ಆರಂಭದಲ್ಲಿ ಬಳಕೆಗೆ ಬಂದಿತು. ಕೆಲವೇ ವರ್ಷಗಳಲ್ಲಿ ಅದು ಬಣ್ಣದ ನೀರಿನ ಕೊಳವಾಯಿತು. ನೀರು ಬಿಡಿರೆಂದು ಬೇಡುವ ರೈತರನ್ನು ನಾವೆಲ್ಲ ಕಂಡಿದ್ದೇವೆ. ಈ ನೀರನ್ನು ದಯಮಾಡಿ ಬಿಡಬೇಡಿರೆಂದು ಬೇಡಿಕೊಂಡ ರೈತರು ಅಲ್ಲಿಯವರು. ಉಪ್ಪಿನ ಸೋಡಿಯಮ್ ಅಂಶ ಎರೆಮಣ್ಣಿನಲ್ಲಿ ಸುಣ್ಣದ ಅಂಶವನ್ನು ಹೊರದೂಡಿ ತಾನು ನೆಲೆಸುತ್ತದೆ; ಮಣ್ಣಿನ ಹೆಂಟೆ ಕರಗಿ ರಂಧ್ರಗಳು ಮುಚ್ಚುತ್ತವೆ; ಮಳೆ ಬಂದರೂ ನೀರು ಇಂಗದು. ಬಾವಿಗೆ ಒಮ್ಮೆ ಇಳಿದ ಉಪ್ಪು ಹತ್ತಾರು ಮಳೆಗಾಲ ಕಳೆದರೂ ಪೂರ್ತಿಯಾಗಿ ಹೋಗುವುದಿಲ್ಲ.

ರೈತರು ನ್ಯಾಯಾಲಯದ ಮೆಟ್ಟಿಲೇರಿದರು. ಒಂದು ತೊಟ್ಟು ನೀರನ್ನೂ ಹೊರಬಿಡಕೂಡದೆಂದು ಮದರಾಸಿನ ಉಚ್ಚ ನ್ಯಾಯಾಲಯವು 2006ರಲ್ಲಿ ವಿಧಿಸಿತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಆಜ್ಞೆ ಪಾಲನೆಯಾಗದಿರಲು 2011ರ ಜನವರಿಯಲ್ಲಿ 700ಕ್ಕೂ ಹೆಚ್ಚು ಘಟಕಗಳು ಒಮ್ಮೆಲೇ ಮುಚ್ಚಬೇಕಾಯಿತು. ಹೊಲ ಕಳೆದುಕೊಂಡವರ ದುಃಖಕ್ಕೆ ಕೂಲಿ ಕಳೆದುಕೊಂಡವರ ದುಃಖ ಜತೆಯಾಯಿತು. ಸಕಾಲದಲ್ಲಿ ವೆಚ್ಚ ಮಾಡಿದ್ದರೆ ಇವೆರಡೂ ತಪ್ಪುತ್ತಿದ್ದವೆಂಬುದೇ ನನ್ನ ಅಭಿಪ್ರಾಯ.

ಶುದ್ಧೀಕರಣದ ಉಪಾಯಗಳಿಲ್ಲವೆಂದಲ್ಲ. ಪಟಿಕ, ಸುಣ್ಣ, ಅನ್ನಭೇದಿಗಳನ್ನು ಹಾಕಿ ಕಲ್ಮಷವನ್ನು ತಳಕ್ಕಿಳಿಸುವುದು ಹಳೆಯ ಕ್ರಮ. ನೀರಿನಲ್ಲಿ ಚೆನ್ನಾಗಿ ಕರಗುವ ರಿಯಾಕ್ಟಿವ್ ಬಣ್ಣಗಳು ಅದಕ್ಕೆ ಸುಲಭವಾಗಿ ಸಿಗುವುದಿಲ್ಲ, ಬಗ್ಗಡದ ರಾಶಿ ಬೇರೆ ಬೆಳೆಯುತ್ತದೆ. ಓಜೋನ್ ಅನಿಲವಾಗಲಿ, ಕಬ್ಬಿಣದ ಲವಣದೊಡನೆ ಹೈಡ್ರೊಜನ್ ಪೆರಾಕ್ಸೈಡ್ ಆಗಲಿ ಬಣ್ಣದ ಕಣವನ್ನೇ ಒಡೆಯಬಲ್ಲವು. ಗಾಳಿಯಿಲ್ಲದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಅಜೋ ವರ್ಗದ ಬಣ್ಣಗಳನ್ನು ಮುರಿಯುತ್ತವೆ. ಇಲ್ಲಿ ಮತ್ತೆ ಕಣ್ಣಿಗೆ ಮೋಸ! ಬಣ್ಣ ಮಾಯವಾದರೂ ಹುಟ್ಟುವ ಅಮೈನುಗಳಲ್ಲಿ ಕೆಲವು ಕ್ಯಾನ್ಸರ್ ತರತಕ್ಕವು. ಗಾಳಿಯಾಡುವ ಇನ್ನೊಂದು ತೊಟ್ಟಿಯಲ್ಲಿ ಅವನ್ನೂ ಕರಗಿಸದೆ ನೀರನ್ನು ಬಿಟ್ಟರೆ ಮೊದಲಿನ ಬಣ್ಣದ ನೀರೇ ಎಷ್ಟೋ ವಾಸಿಯೆನ್ನಬೇಕಾದೀತು. ಇಷ್ಟೆಲ್ಲ ಮಾಡಿದ ಮೇಲೂ ಉಪ್ಪು ಉಳಿಯುತ್ತದೆ. ಅದನ್ನು ತೆಗೆಯಲು ತಿರುಪ್ಪೂರಿನಲ್ಲಿ ಈಗ ಮಾಡುವಂತೆ ರಿವರ್ಸ್ ಆಸ್ಮಾಸಿಸ್ ಪೊರೆಗಳ ಮೂಲಕ ನೀರನ್ನು ಒತ್ತಡದಿಂದ ಹಾಯಿಸಿ, ಉಳಿದ ಗಟ್ಟಿ ಉಪ್ಪುನೀರನ್ನು ಕುದಿಸಿ ಆವಿ ಮಾಡಬೇಕು. ನೀರೂ ಬಹುಪಾಲು ಉಪ್ಪೂ ಮರಳಿ ಬಳಕೆಗೆ ಬರುತ್ತವೆ. ಆದರೆ ಇಂಧನದ ವೆಚ್ಚ ಅಪಾರ.

ಹಾಗಾದರೆ ಹಿಂದಿನ ನೀಲಿ, ಮಂಜಿಷ್ಠಗಳಿಗೆ ಮರಳೋಣವೆನ್ನುವ ಸಜ್ಜನರಿದ್ದಾರೆ. 1856ರಲ್ಲಿ ಹದಿನೆಂಟರ ಹರೆಯದ ಪರ್ಕಿನ್ ಎಂಬಾತ ಮಲೇರಿಯಾದ ಕ್ವಿನೈನ್ ತಯಾರಿಸಹೋಗಿ ಆಕಸ್ಮಿಕವಾಗಿ ಮೊದಲ ಕೃತಕ ಬಣ್ಣವನ್ನು ಪಡೆದನು. ಆ ಕೆನ್ನೀಲಿಯ ಹಿಂದೆಯೇ ಗಿಡಮೂಲದ ಬಣ್ಣಗಳ ಕಾಲ ಇಳಿಯತೊಡಗಿತು. ನನಗೂ ಹಳೆಯ ಬಣ್ಣಗಳ ಮೇಲೆ ಪ್ರೀತಿಯುಂಟು. ಆದರೆ ಇಂದಿನ ಜನಸಂಖ್ಯೆಗೆ ಬೇಕಾದ ಬಣ್ಣವನ್ನೆಲ್ಲ ಹೊಲದಲ್ಲಿ ಬೆಳೆದರೆ ಜೋಳಕ್ಕೆ ಜಾಗವೆಲ್ಲಿ? ಮೈಲುತುತ್ತದಂತಹ ವಸ್ತುವಿನಿಂದ ಗಿಡದ ಬಣ್ಣವನ್ನು ಕಚ್ಚಿಸಿದರೆ ಅದರ ನೀರೂ ವಿಷವೇ.

ಇನ್ನುಳಿದುದು ಹಣದ ಪ್ರಶ್ನೆ. ಹಂಡೆಯೆರಡನ್ನು ಇಟ್ಟುಕೊಂಡು ಮನೆಮಂದಿಯೊಡನೆ ದುಡಿಯುವ ಬಣ್ಣಗಾರನಿಗೆ ಪೊರೆಯ ಯಂತ್ರವನ್ನು ಕೊಳ್ಳೆಂದು ಆಜ್ಞಾಪಿಸುವುದು ಅವನ ಬಾಗಿಲಿಗೆ ಬೀಗ ಹಾಕಿದಂತೆಯೇ. ರಸ್ತೆಯನ್ನು ಕಟ್ಟುವಂತೆ ಸರಕಾರವೇ ನೇಕಾರರ ಊರುಗಳಲ್ಲಿ ಸಾಮೂಹಿಕ ಶುದ್ಧೀಕರಣ ಘಟಕಗಳನ್ನು ಕಟ್ಟಿಕೊಡಬೇಕು. ನಡೆಸುವ ವೆಚ್ಚವನ್ನು ಕಳಿಸಿದ ನೀರಿನ ಅಳತೆಯಂತೆ ಬಣ್ಣಗಾರರು ತೆರಬೇಕು. ಅವರು ಅದನ್ನು ಬಟ್ಟೆಯ ಬೆಲೆಯಲ್ಲಿ ಪಡೆಯಬೇಕು. ಸೀರೆಗೆ ನಾಲ್ಕು ಕಾಸು ಹೆಚ್ಚಾದೀತು. ಈಗ ಆ ನಾಲ್ಕು ಕಾಸನ್ನು ತೆರುತ್ತಿರುವವನು ಹಳ್ಳದ ಕೆಳಗಿನ ಹೊಲದವನು. ಅವನು ಆ ಸೀರೆಯನ್ನು ಕೊಂಡವನಲ್ಲ. ಅಲ್ಲದೆ ಕಡಿಮೆ ನೀರು, ಕಡಿಮೆ ಉಪ್ಪು ಸಾಕಾಗುವ ಬಣ್ಣಗಳೂ ಯಂತ್ರಗಳೂ ಈಗ ದೊರೆಯುತ್ತವೆ. ಹಾಕದ ಉಪ್ಪನ್ನು ತೆಗೆಯುವ ತೊಂದರೆಯಿಲ್ಲ.

ಶಾಲೆಯಿಂದಲೂ ಒಂದು ಕೆಲಸ ಸಾಧ್ಯ. ನೀರಿನಲ್ಲಿ ಕರಗಿದ ಲವಣವನ್ನು ತೋರುವ ಕೈಯಳತೆಯ ಮಾಪಕ ಇಂದು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂ ಮೀರಬಾರದೆಂದೂ ಬೇರೆ ನೀರೇ ಇಲ್ಲದಲ್ಲಿ 2000ದವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ಹೇಳುತ್ತದೆ. ಬಣ್ಣದ ಮನೆಗಳ ಸುತ್ತಲಿನ ಹತ್ತು ಬಾವಿ, ಕೊಳವೆಬಾವಿಗಳನ್ನು ಆರಿಸಿಕೊಂಡು ಒಂಬತ್ತನೆಯ ತರಗತಿಯ ಮಕ್ಕಳು ತಿಂಗಳಿಗೊಮ್ಮೆ ಅಳೆದು ದಪ್ಪ ವಹಿಯೊಂದರಲ್ಲಿ ಬರೆದಿಡಲಿ. ವರ್ಷ ತುಂಬಿದಾಗ ಆ ವಹಿಯನ್ನು ಬಣ್ಣಗಾರರನ್ನೂ ರೈತರನ್ನೂ ಕೂಡಿಸಿದ ಸಭೆಯಲ್ಲಿ ಓದೋಣ. ಮಾಪಕದ ಬೆಲೆಯನ್ನು ಕೊಡಲು ನಾನು ಸಿದ್ಧನಿದ್ದೇನೆ.