ಮಲೆನಾಡಿಗೆ ಬೇಕಾದ ಡಾಕ್ಟರು ಯಾರು?

ಚರ್ಚೆ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದ ಎಂಬಿಬಿಎಸ್‌ಗೆ ಹೋದ ಮಕ್ಕಳು ಮುಂದೆ ಮೆಟಬಾಲಿಕ್ ಮೆಡಿಸಿನ್ ಹಾದಿ ಹಿಡಿಯಬೇಕೆ?

ಉಂಡ ಅನ್ನ ಮೈಯಲ್ಲಿ ಶಕ್ತಿಯಾಗುವ, ಕೊಬ್ಬಾಗುವ, ಮೂಳೆಯಾಗುವ ಕ್ರಿಯೆಗೆ ಚಯಾಪಚಯ ಎನ್ನುತ್ತಾರೆ. ಅದರ ಹದ ತಪ್ಪಿದಾಗ ಬರುವ ಸಕ್ಕರೆ ಕಾಯಿಲೆ, ಬೊಜ್ಜು, ಕೊಲೆಸ್ಟರಾಲ್, ಮೂಳೆ ಸವೆತ, ಹುಟ್ಟಿನಿಂದಲೇ ಇರುವ ಕಿಣ್ವದೋಷ ಎಲ್ಲವೂ ಈ ವಿಭಾಗದ ಪಾಲಿನವು. ಬ್ರಿಟನ್ನಿನಲ್ಲಿ ಇದೇ ಹೆಸರಿನ ತರಬೇತಿ ಇದೆ. ನಮ್ಮಲ್ಲಿ ರೂಢಿಯಲ್ಲಿರುವುದು ಮೆಡಿಸಿನ್ ಅಥವಾ ಮಕ್ಕಳ ವಿಭಾಗದಲ್ಲಿ ಎಂಡಿ ಮಾಡಿ, ಡಿಎಂ ಎಂಡೋಕ್ರೈನಾಲಜಿಗೋ ಡಿಎಂ ಮೆಡಿಕಲ್ ಜೆನೆಟಿಕ್ಸ್‌ಗೋ ಹೋಗುವ ದಾರಿ.

ಪರ: ಕಾಯಿಲೆ ಬದಲಾಗಿದೆ, ಓದೂ ಬದಲಾಗಲಿ

ಗಳಗಂಡದಿಂದಲೇ ಶುರು ಮಾಡೋಣ. ಅಯೋಡಿನ್ ಸಾಲದೆ ಕುತ್ತಿಗೆ ಊದುವ ಈ ಕಾಯಿಲೆ ಹೆಚ್ಚಾಗಿದ್ದ ಜಿಲ್ಲೆಗಳಲ್ಲಿ ಚಿಕ್ಕಮಗಳೂರೂ ಒಂದು. ಜಡಿಮಳೆ ತೊಳೆದ ಗುಡ್ಡದ ಮಣ್ಣಿನಲ್ಲಿ ಅಯೋಡಿನ್ ನಿಲ್ಲುವುದಿಲ್ಲ. 1962ರಲ್ಲಿ ಶುರುವಾದ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಉಪ್ಪಿನ ಮೂಲಕ ಆ ಕೊರತೆ ತುಂಬಲು ಹೊರಟಿತು. ಚಯಾಪಚಯದ ತಿಳಿವಳಿಕೆ ಒಂದು ಸೀಮೆಯ ಆರೋಗ್ಯವನ್ನು ಹೇಗೆ ತಿದ್ದಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಂದಿಗೋಡು ಕಾಯಿಲೆಯದು ಇನ್ನೊಂದು ಪಾಠ. 1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಆ ಊರಿನಲ್ಲಿ ಬೆಳಕಿಗೆ ಬಂದ ಕೀಲು–ಮೂಳೆಗಳ ಈ ಬೇನೆ ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಬಡ ಕುಟುಂಬಗಳನ್ನು ಕಾಡಿದೆ. ಗದ್ದೆಗೆ ಹೊಡೆದ ಕೀಟನಾಶಕವೇ, ಅಲ್ಲಿನ ಏಡಿ ತಿಂದದ್ದೇ ಎಂಬ ಅನುಮಾನಗಳು ಎದ್ದವು. ಅದು ವಂಶಪಾರಂಪರ್ಯವಾಗಿ ಬರುವ ಮೂಳೆ ದೋಷ ಎಂಬುದು ಆಮೇಲಿನ ಅಧ್ಯಯನಗಳಲ್ಲಿ ಗೊತ್ತಾಯಿತು. ಮೂಳೆ, ವಂಶವಾಹಿ ಎರಡನ್ನೂ ಓದಿಕೊಂಡವರು ಹತ್ತಿರದಲ್ಲೇ ಇದ್ದರೆ ಇಂಥ ಪ್ರಶ್ನೆ ಬೇಗ ಸರಿಯಾದ ಕಡೆ ತಿರುಗುತ್ತದೆ.

ಈಗಿನ ದೊಡ್ಡ ಲೆಕ್ಕ ಶುಗರಿನದು. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಮಲೆನಾಡು ಇದಕ್ಕೆ ಹೊರತಲ್ಲ. ತೋಟದ ತನಕ ಬೈಕು ಹೋಗುತ್ತದೆ, ಅಡಿಕೆ ಸುಲಿಯಲು ಯಂತ್ರ ಬಂದಿದೆ. ಬೆಳಿಗ್ಗೆಯ ಕಡುಬು, ಮಧ್ಯಾಹ್ನದ ಅನ್ನ ಮಾತ್ರ ಹಿಂದಿನಷ್ಟೇ ಇದೆ. ಅಡಿಕೆ ಜಗಿಯುವುದಕ್ಕೂ ಸಕ್ಕರೆ ಕಾಯಿಲೆ, ಬೊಜ್ಜಿಗೂ ನಂಟಿದೆಯೇ ಎಂದು ತೈವಾನಿನಲ್ಲಿ ಅಧ್ಯಯನಗಳು ನಡೆದಿವೆ. ಅಡಿಕೆಯೇ ಬದುಕಾಗಿರುವ ನಮ್ಮಲ್ಲಿ ಆ ಪ್ರಶ್ನೆ ಕೇಳಬೇಕಾದವರು ಈ ಮಣ್ಣಿನ ಮಕ್ಕಳೇ.

ಕೂಸುಗಳ ವಿಷಯಕ್ಕೆ ಬಂದರೆ ಹುಟ್ಟಿದ ಕೆಲವು ದಿನಗಳಲ್ಲಿ ಹಿಮ್ಮಡಿಯಿಂದ ತೆಗೆದ ನಾಲ್ಕು ಹನಿ ರಕ್ತ ಥೈರಾಯ್ಡ್ ಕೊರತೆಯನ್ನು ತೋರಿಸಿಕೊಡುತ್ತದೆ. ಮೊದಲ ವಾರಗಳಲ್ಲೇ ಅಗ್ಗದ ಮಾತ್ರೆ ಶುರು ಮಾಡಿದರೆ ಮಗುವಿನ ಬುದ್ಧಿ ಬೆಳವಣಿಗೆ ಉಳಿಯುತ್ತದೆ. ತಡವಾದರೆ ಕಳೆದದ್ದು ಮರಳುವುದಿಲ್ಲ. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲೇ ಮದುವೆಯಾಗುವ ರೂಢಿ ಇರುವ ರಾಜ್ಯದಲ್ಲಿ ಹುಟ್ಟು ಕಿಣ್ವದೋಷಗಳನ್ನೂ ಗಮನಿಸಲೇಬೇಕು.

ವೃತ್ತಿಯಾಗಿಯೂ ಇದು ಸಣ್ಣ ಊರಿಗೆ ಒಗ್ಗುತ್ತದೆ. ಆಪರೇಷನ್ ಥಿಯೇಟರ್ ಬೇಡ, ಕೋಟಿಗಟ್ಟಲೆಯ ಯಂತ್ರ ಬೇಡ. ರಕ್ತದ ಮಾದರಿಯನ್ನು ದೂರದ ಲ್ಯಾಬಿಗೆ ಕಳಿಸಬಹುದು, ವರದಿ ಫೋನಿಗೇ ಬರುತ್ತದೆ. ಒಂದೇ ಮನೆಯ ಮೂರು ತಲೆಮಾರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಭಾಗ್ಯ ಎಷ್ಟು ಸ್ಪೆಷಲಿಸ್ಟರಿಗೆ ಸಿಗುತ್ತದೆ?

ವಿರೋಧ: ಮೊದಲು ಜ್ವರ ನೋಡುವವರು ಬರಲಿ

ಲೆಕ್ಕ ಹಾಕೋಣ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು, ಎಂಡಿ ಮೂರು, ಡಿಎಂ ಮೂರು, ಒಟ್ಟು ಹನ್ನೊಂದೂವರೆ. ನಡುವೆ ನೀಟ್ ಪಿಜಿ, ನೀಟ್ ಎಸ್‌ಎಸ್ ತಯಾರಿಯಲ್ಲಿ ಕಳೆಯುವ ಕಾಲ ಬೇರೆ. ಇವತ್ತು ನೆಟ್ಟ ಅಡಿಕೆ ಸಸಿ ಫಸಲು ಕೊಟ್ಟು ಎಷ್ಟೋ ಕಾಲವಾದ ಮೇಲೂ ಈ ಹಾದಿ ಹಿಡಿದ ಹುಡುಗಿ ಓದುತ್ತಲೇ ಇರುತ್ತಾಳೆ. ಹಳದಿ ಎಲೆ ರೋಗಕ್ಕೆ ತೋಟ ಕಳೆದುಕೊಂಡ ಶೃಂಗೇರಿ, ಕೊಪ್ಪದ ಸಣ್ಣ ಹಿಡುವಳಿದಾರರು ಅಷ್ಟು ವರ್ಷ ಮಗಳ ಸಂಪಾದನೆಗೆ ಕಾಯಬಲ್ಲರೆ?

ಓದಿ ಬಂದರೂ ಕೂರುವುದೆಲ್ಲಿ? ತಾಲ್ಲೂಕು ಆಸ್ಪತ್ರೆಯಲ್ಲಿ ಫಿಜಿಷಿಯನ್, ಸರ್ಜನ್, ಹೆರಿಗೆ, ಮಕ್ಕಳ, ಅರಿವಳಿಕೆ ತಜ್ಞರ ಹುದ್ದೆಗಳಿರುತ್ತವೆ. ಎಂಡೋಕ್ರೈನಾಲಜಿಸ್ಟರಿಗೆ ಅಲ್ಲಿ ಜಾಗವಿಲ್ಲ. ಹೀಗಾಗಿ ಡಿಎಂ ಮುಗಿಸಿದವರು ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ನೆಲೆಯೂರುತ್ತಾರೆ. ಅದು ಅವರ ತಪ್ಪಲ್ಲ. ವ್ಯವಸ್ಥೆ ಅವರನ್ನು ಅಲ್ಲಿಗೇ ತಳ್ಳುತ್ತದೆ.

ಈ ಸೀಮೆಯ ತುರ್ತುಗಳೇ ಬೇರೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಈ ಮೂರೂ ತಾಲ್ಲೂಕುಗಳಲ್ಲಿ ಕಾಣಿಸಿಕೊಂಡಿದೆ. ದರಗು ಗುಡಿಸುವ ಕಾಲದಲ್ಲಿ ಉಣುಗು ಕಚ್ಚಿ ಬರುವ ಜ್ವರ, ತೋಟದಲ್ಲಿ ಹಾವು ಕಡಿತ, ಮರದಿಂದ ಬಿದ್ದ ಕೊನೆಗಾರ, ಮಳೆಗಾಲದ ನಡುರಾತ್ರಿಯ ಹೆರಿಗೆ: ಇವಕ್ಕೆಲ್ಲ ಬೇಕಾದವರು ಎಲ್ಲವನ್ನೂ ಒಂದಿಷ್ಟು ಬಲ್ಲ, ಕರೆದರೆ ಸಿಗುವ ಡಾಕ್ಟರು.

ಶುಗರ್, ಥೈರಾಯ್ಡ್ ವಿಷಯಕ್ಕೇ ಬರೋಣ. ಬಹುಪಾಲು ರೋಗಿಗಳನ್ನು ಎಂಡಿ ಮೆಡಿಸಿನ್ ಮಾಡಿದವರು, ಅನುಭವವಿರುವ ಎಂಬಿಬಿಎಸ್ ಡಾಕ್ಟರು ಚೆನ್ನಾಗಿಯೇ ನೋಡುತ್ತಾರೆ. ಕೈಕೊಡುವುದು ಫಾಲೋಅಪ್. ತಿಂಗಳ ಮಾತ್ರೆ ಮುಗಿದ ಮೇಲೆ ಬೇಗಾರಿನವರೋ ಮೇಗುಂದದವರೋ ಪೇಟೆಗೆ ಬರಬೇಕು. ಕೊಪ್ಪದ ಕಾರ್ಮಿಕರೇ 1991ರಿಂದ ನಡೆಸಿದ ಸಹಕಾರ ಸಾರಿಗೆ 2020ರಲ್ಲಿ ನಿಂತಿತು; ಬಸ್ಸು ತಪ್ಪಿದರೆ ಬಾಡಿಗೆ ಆಟೋ, ಒಂದು ದಿನದ ಕೂಲಿ ಖೋತಾ. ಇದಕ್ಕೆ ಮನೆ ಹತ್ತಿರದ ಉಪಕೇಂದ್ರ, ಆಶಾ ಕಾರ್ಯಕರ್ತೆ, ತಪ್ಪದೆ ಸಿಗುವ ಮಾತ್ರೆ ಬೇಕು. ಯಾವ ಡಿಎಂ ಪದವಿಯೂ ಅದನ್ನು ತುಂಬಿಕೊಡುವುದಿಲ್ಲ. ಹಿಮ್ಮಡಿಯ ರಕ್ತ ತೆಗೆಯುವುದೂ ನರ್ಸಮ್ಮನ ಕೆಲಸವೇ. ಬೇಕಿರುವುದು ಸರ್ಕಾರದ ಆದೇಶ ಮತ್ತು ಲ್ಯಾಬಿನ ಸಂಪರ್ಕ.

ವಿರಳ ಕಾಯಿಲೆಗಳಿಗೆ 2021ರ ರಾಷ್ಟ್ರೀಯ ನೀತಿ ಇದೆ; ಅದರಡಿ 50 ಲಕ್ಷ ರೂಪಾಯಿವರೆಗೆ ನೆರವು ಸಿಗಬಹುದು. ಆದರೆ ಆ ಚಿಕಿತ್ಸೆ ನಡೆಯುವುದು ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಉತ್ಕೃಷ್ಟತಾ ಕೇಂದ್ರಗಳಲ್ಲಿ. ಅಂಥ ಮಗುವನ್ನು ಗುರುತಿಸಿ ಅಲ್ಲಿಗೆ ಕಳಿಸುವಷ್ಟು ಎಚ್ಚರ ಊರಿನ ಡಾಕ್ಟರಿಗೆ ಇದ್ದರೆ ಸಾಕು. ಹಂದಿಗೋಡಿನ ಉದಾಹರಣೆಯನ್ನು ನಾನೂ ಎತ್ತುತ್ತೇನೆ: ತಜ್ಞರ ತಂಡಗಳು ಬಂದವು, ಕಾಯಿಲೆಗೆ ಹೆಸರೂ ಸಿಕ್ಕಿತು, ವಾಸಿ ಮಾಡುವ ಔಷಧ ಸಿಗಲಿಲ್ಲ. ನಡೆಯಲಾಗದವರಿಗೆ ಬೇಕಾದದ್ದು ಪಿಂಚಣಿ, ನೋವಿನ ಉಪಶಮನ, ಮನೆಬಾಗಿಲಿನ ಆರೈಕೆ.

ಆಸಕ್ತಿ ಇರುವವರನ್ನು ತಡೆಯಿರಿ ಎನ್ನುತ್ತಿಲ್ಲ. ಜನರಲ್ ಮೆಡಿಸಿನ್ ಅಥವಾ ಫ್ಯಾಮಿಲಿ ಮೆಡಿಸಿನ್ ಎಂಡಿ ಮಾಡಿ ಒಂದೆರಡು ಮಳೆಗಾಲ ತಾಲ್ಲೂಕು ಆಸ್ಪತ್ರೆಯಲ್ಲಿ ದುಡಿಯಲಿ. ಆಮೇಲೂ ಮನಸ್ಸಿದ್ದರೆ ಡಿಎಂಗೆ ಹೋಗಲಿ. ಇಲ್ಲಿ ಹುದ್ದೆಯನ್ನೇ ಸೃಷ್ಟಿಸದೆ ಮಕ್ಕಳಿಗೆ ಈ ಓದಿನ ಆಸೆ ಹುಟ್ಟಿಸಿದರೆ, ಊರಿನ ಖರ್ಚಿನಲ್ಲಿ ಬೆಂಗಳೂರಿಗೆ ಇನ್ನೊಬ್ಬ ಡಾಕ್ಟರನ್ನು ತಯಾರು ಮಾಡಿಕೊಟ್ಟ ಹಾಗಾಗುತ್ತದೆ, ಅಷ್ಟೆ.