ಶೂ ಸೈಜ್ ಎಷ್ಟು?

ಕಳೆದ ಸೆಮ್ ರಜೆಯಲ್ಲಿ ನಮ್ಮನೆ ಹತ್ತಿರದ ಸ್ಕೇಟಿಂಗ್ ಕ್ಲಬ್‌ಗೆ ಸೇರಿದೆ. ಬೆಳಗ್ಗೆ ಆರು ಗಂಟೆ ಬ್ಯಾಚ್. ಪಕ್ಕದಲ್ಲಿ ನಿಂತಿದ್ದ ಒಂದನೇ ಕ್ಲಾಸ್ ಹುಡುಗ ನನ್ನನ್ನ ಮೇಲಿಂದ ಕೆಳಗೆ ನೋಡಿ, "ಅಂಕಲ್, ನೀವೂ ಬಿಗಿನರ್ರಾ?" ಅಂದ. ಹತ್ತೊಂಬತ್ತಕ್ಕೇ ಅಂಕಲ್ ಆಗಿಬಿಟ್ಟೆ!

ನಿಜ ಹೇಳಬೇಕಂದ್ರೆ ನನಗೆ ಹುಚ್ಚು ಹಿಡಿಸಿದ್ದು ಐಸ್ ಮೇಲಿನ ಸ್ಪೀಡ್ ಸ್ಕೇಟಿಂಗ್. ಬೆಂಗಳೂರಲ್ಲಿ 400 ಮೀಟರ್ ಐಸ್ ಟ್ರ್ಯಾಕ್ ಎಲ್ಲಿಂದ ತರೋದು? "ಫ್ರಿಜ್ಜಲ್ಲಿ ಪ್ರಾಕ್ಟೀಸ್ ಮಾಡ್ತೀಯಾ?" ಅಂತ ಹಾಸ್ಟೆಲ್ ಪೂರ್ತಿ ನಕ್ಕಿತು. ಅವರಿಗೆ ನಾನು ಹೇಳಿದ್ದು ಎರಿನ್ ಜಾಕ್ಸನ್ ಕಥೆ.

ಎರಿನ್ ಅಮೆರಿಕದ ಫ್ಲೋರಿಡಾದವರು. ಅಲ್ಲೂ ನಮ್ಮ ಹಾಗೇ ಸೆಕೆ, ಹಿಮ ಇಲ್ಲ. ಅವರು ಬೆಳೆದಿದ್ದು ಚಕ್ರದ ಸ್ಕೇಟ್ಸ್ ಮೇಲೆ. ಜೊತೆಗೆ ನಮ್ಮವರೇ: ಮೆಟೀರಿಯಲ್ಸ್ ಇಂಜಿನಿಯರಿಂಗ್ ಡಿಗ್ರಿ ಇದೆ. ಡಿಗ್ರಿ ಮುಗಿದ ಮೇಲೆ ಐಸ್‌ಗೆ ಬಂದರು. ಸರಿಯಾಗಿ ನಾಲ್ಕು ತಿಂಗಳು ಟ್ರೈನಿಂಗ್ ಆಗಿತ್ತೋ ಇಲ್ಲವೋ, 2018ರ ಒಲಿಂಪಿಕ್ಸ್ ತಂಡದಲ್ಲಿದ್ದರು. 500 ಮೀಟರಲ್ಲಿ 24ನೇ ಸ್ಥಾನ. ನಾಲ್ಕು ವರ್ಷ ಬಿಟ್ಟು, 2022ರಲ್ಲಿ ಬೀಜಿಂಗ್‌ನಲ್ಲಿ ಅದೇ 500 ಮೀಟರ್ 37.04 ಸೆಕೆಂಡಲ್ಲಿ ಮುಗಿಸಿ ಚಿನ್ನ ಗೆದ್ದರು.

"ಅವರು ಮೊದಲೇ ಚಕ್ರದ ಮೇಲೆ ಚಾಂಪಿಯನ್ ಕಣೋ" ಅಂತೀರಾ? ಒಪ್ಪಿದೆ. ನಾನು ಹೇಳೋದೂ ಅದೇ. ಐಸ್ ಇಲ್ಲದ ಊರಲ್ಲಿ ಏನಿದೆಯೋ ಅದರಿಂದ ಶುರು ಮಾಡಬೇಕು.

ಮೊದಲ ವಾರ ಕೋಚ್ ಕಲಿಸಿದ್ದು ಬೀಳೋದನ್ನ. ಹಿಂದಕ್ಕೆ ಬೀಳಬೇಡ, ಮಂಡಿ ಬಗ್ಗಿಸಿ ಪಕ್ಕಕ್ಕೆ ಬೀಳು, ಬೆರಳು ಮುಷ್ಟಿ ಮಾಡ್ಕೋ. ಐಸ್ ಮೇಲಾದರೆ ಹಿಂದಿನವರ ಬ್ಲೇಡ್ ಬೆರಳ ಮೇಲೆ ಹೋಗಬಹುದು, ಅದಕ್ಕೇ ಅಲ್ಲಿ ಗ್ಲೌಸ್ ಬೇಕೇ ಬೇಕು. ಎರಡನೇ ವಾರ ಕುರ್ಚಿ ಇಲ್ಲದೆ ಕುರ್ಚಿ ಮೇಲೆ ಕೂರೋದು. ತೊಡೆ ಉರಿದುಹೋಗುತ್ತೆ. ಆದರೆ ಬಗ್ಗಿದಷ್ಟೂ ಗಾಳಿಯ ತಡೆ ಕಮ್ಮಿ. ಆಮೇಲೆ ತಳ್ಳೋದು. ನಡೆಯುವಾಗಿನ ಹಾಗೆ ಹಿಂದಕ್ಕೆ ತಳ್ಳಿದರೆ ಕಾಲು ಜಾರುತ್ತೆ ಅಷ್ಟೇ, ಯಾಕಂದ್ರೆ ಆ ದಿಕ್ಕಲ್ಲಿ ಹಿಡಿತವೇ ಇಲ್ಲ. ಪಕ್ಕಕ್ಕೆ ತಳ್ಳಿದರೆ ಮುಂದಕ್ಕೆ ಹೋಗ್ತೀವಿ. ಫಸ್ಟ್ ಸೆಮ್ ಮೆಕ್ಯಾನಿಕ್ಸ್‌ನಲ್ಲಿ ಬಲಗಳನ್ನ ಬಿಡಿಸಿ ಬಿಡಿಸಿ ಬರೆದು ಪಾಸಾದವನಿಗೆ ಅದು ಮಂಡಿ ತರಚಿಕೊಂಡ ಮೇಲೇ ಅರ್ಥವಾಗಿದ್ದು.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಆ ಕ್ಲಬ್‌ಗೆ ಸೇರುವಾಗ ನನ್ನನ್ನ ಕೇಳಿದ್ದು ಒಂದೇ ಪ್ರಶ್ನೆ: "ಶೂ ಸೈಜ್ ಎಷ್ಟು?" ನಮ್ಮ ಕ್ಯಾಂಪಸ್ಸಲ್ಲಿ ಏನು ಕೇಳ್ತಾರೆ? ಡ್ಯಾನ್ಸ್‌ಗೆ ಆಡಿಷನ್, ಮ್ಯೂಸಿಕ್‌ಗೆ ಆಡಿಷನ್. ಫಸ್ಟ್ ಇಯರಲ್ಲಿ ಒಂದು ಟೆಕ್ ಕ್ಲಬ್‌ಗೆ ಹೋದೆ. "ಮೊದಲು ಏನು ಪ್ರಾಜೆಕ್ಟ್ ಮಾಡಿದ್ದೀಯ?" ಅಂದರು. "ಏನೂ ಇಲ್ಲ, ಕಲಿಯೋಕೆ ಬಂದೆ" ಅಂದೆ. ರಿಸಲ್ಟ್ ಲಿಸ್ಟಲ್ಲಿ ನನ್ನ ಹೆಸರಿರಲಿಲ್ಲ. ಆವತ್ತಿಂದ ಒಂದು ವರ್ಷ ಯಾವ ಬಾಗಿಲೂ ತಟ್ಟಲಿಲ್ಲ. ಗೊತ್ತಿರೋದನ್ನ ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಗೊತ್ತಿರೋರನ್ನ ಮಾತ್ರ ಸೇರಿಸಿಕೊಳ್ಳೋದಾದರೆ ಅದು ಟೀಮ್, ಕ್ಲಬ್ ಅಲ್ಲ. ಫೆಸ್ಟ್‌ಗೆ ಟೀಮ್ ಬೇಕು, ನಿಜ. ಆದರೆ ಪ್ರತಿ ಕ್ಲಬ್ಬೂ ವರ್ಷಕ್ಕೆ ಒಂದು ತಿಂಗಳು, ಆಡಿಷನ್ ಇಲ್ಲದ ಬಿಗಿನರ್ಸ್ ಬ್ಯಾಚ್ ಮಾಡಲಿ. ಸೀನಿಯರ್ಸ್‌ಗೆ ಹೊರೆ ಆಗುತ್ತೆ ಅಂತೀರಾ? ನನಗೆ ತಿರುವಲ್ಲಿ ಬಲಗಾಲನ್ನ ಎಡಗಾಲಿನ ಮೇಲಿಂದ ದಾಟಿಸೋದು ಹೇಳಿಕೊಟ್ಟಿದ್ದು ಆ ಒಂದನೇ ಕ್ಲಾಸ್ ಹುಡುಗನೇ.

"ಇದರಿಂದ ಪ್ಲೇಸ್‌ಮೆಂಟ್ ಆಗುತ್ತೇನೋ?" ಅಂತ ಅಮ್ಮ ಕೇಳಿದರು. ಇಲ್ಲಮ್ಮ, ಆಗಲ್ಲ. ಒಲಿಂಪಿಕ್ಸೂ ಆಗಲ್ಲ. ಆದರೆ ಡೆಹ್ರಾಡೂನಲ್ಲಿ ಒಳಾಂಗಣ ಐಸ್ ರಿಂಕ್ ಇದೆ. ವರ್ಷಗಟ್ಟಲೆ ಬಾಗಿಲು ಹಾಕಿದ್ದ ಅಲ್ಲೇ 2025ರ ಆಗಸ್ಟಲ್ಲಿ ಏಷ್ಯಾ ಮಟ್ಟದ ಶಾರ್ಟ್ ಟ್ರ್ಯಾಕ್ ಸ್ಪರ್ಧೆ ನಡೀತು. ಟ್ರೈನ್ ಟಿಕೆಟ್‌ಗೆ ದುಡ್ಡು ಕೂಡಿಡ್ತಾ ಇದ್ದೀನಿ. ಅಲ್ಲೂ ಮೊದಲ ದಿನ ಬೀಳ್ತೀನಿ. ಪಕ್ಕಕ್ಕೆ, ಮುಷ್ಟಿ ಕಟ್ಟಿಕೊಂಡು.