ಖಾತೆ ಯಾರ ಹೆಸರಿನಲ್ಲಿದೆ?

ಗದ್ದೆ, ತೋಟ, ಸೈಟು ಯಾವುದರ ಮಾತು ಬಂದರೂ ನಮ್ಮ ಕಡೆ ಹಿರಿಯರು ಮೊದಲು ಕೇಳುವುದು, "ಖಾತೆ ಯಾರ ಹೆಸರಿನಲ್ಲಿದೆ?" ಎಂದು. ಇಪ್ಪತ್ತೆಂಟು ವರ್ಷ ಪಾಠ ಹೇಳಿ, ಸಂಬಳದಲ್ಲಿ ಉಳಿಸಿ ಕೊಂಡ ಸೈಟಿನ ಖಾತೆ ನಮ್ಮ ಯಜಮಾನರ ಹೆಸರಿನಲ್ಲಿರುವುದರಿಂದ ಈ ಪ್ರಶ್ನೆಯ ಬಿಸಿ ನನಗೆ ಗೊತ್ತು. ಆದರೂ ಅಕ್ಕನ ಮಗಳು ಕಂಪ್ಯೂಟರಿನ ಮುಂದೆ ಕೂತಾಗ ಅದನ್ನು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಅವಳು ಎಂ.ಎ. ವಿದ್ಯಾರ್ಥಿನಿ. ಮೂರು ವಿಶ್ವವಿದ್ಯಾಲಯಗಳ ನಾಲ್ವರು ಸೇರಿ ಸಾಗರದ ಸುತ್ತಮುತ್ತ ಅಡಿಕೆ ಸುಲಿಯುವ ಹೆಂಗಸರ ಕೂಲಿ, ಸಾಲ, ಬೆನ್ನುನೋವುಗಳ ಬಗ್ಗೆ ಒಂದು ಅಧ್ಯಯನ ಹಿಡಿದಿದ್ದರು. ನಾಲ್ವರೂ ನಾಲ್ಕು ಊರಿನಲ್ಲಿ. ನಮ್ಮ ಕಾಲವಾಗಿದ್ದರೆ ಅಂಚೆ, ಜೆರಾಕ್ಸು, ಬಸ್ಸು ಎಂದು ಅಲೆಯಬೇಕಿತ್ತು. ಈಗ ಒಬ್ಬರು ಗೂಗಲ್ ಡ್ರೈವಿನಲ್ಲಿ ಫೋಲ್ಡರ್ ತೆರೆದರಾಯಿತು, ಎಲ್ಲರೂ ಒಂದೇ ಹಾಳೆಯ ಮೇಲೆ ಒಟ್ಟಿಗೆ ಬರೆಯಬಹುದು. ಯಾರು, ಯಾವಾಗ, ಏನು ಬರೆದರು, ತಿದ್ದಿದರು ಎಂಬುದೂ ಅಲ್ಲೇ ದಾಖಲಾಗುತ್ತದೆ. ನನಗೆ ಹಿಡಿಸಿದ್ದು ಇದೇ. ಗುಂಪಿನ ಕೆಲಸವೆಂದರೆ ಹುಡುಗಿಯರು ಬರೆಯುವುದು, ಹುಡುಗರು ವೇದಿಕೆ ಹತ್ತಿ ಓದುವುದು. ಶಾಲೆಯಲ್ಲಿ ಇದನ್ನು ನೋಡಿ ನೋಡಿ ಸಾಕಾಗಿದೆ.

ಫೋಲ್ಡರ್ ತೆರೆದವನು ಇನ್ನೊಂದು ವಿಶ್ವವಿದ್ಯಾಲಯದ ಹುಡುಗ, ಆ ಸಂಸ್ಥೆಯೇ ಅವನಿಗೆ ಕೊಟ್ಟಿದ್ದ ಖಾತೆಯಲ್ಲಿ. "ಸಂಸ್ಥೆಯದಲ್ಲವೇ, ಭದ್ರವಾಗಿರುತ್ತದೆ" ಎಂದವಳು ನಾನೇ! ಅವನದು ಕೊನೆಯ ವರ್ಷ. ಜೂನ್ ತಿಂಗಳಲ್ಲಿ ಫಲಿತಾಂಶ ಬಂತು, ಸಂಸ್ಥೆ ಖಾತೆ ಅಳಿಸಿತು. ಅದರ ಜೊತೆಗೇ 43 ಹೆಂಗಸರ ಮಾತು, ನನ್ನ ಹುಡುಗಿ ನಿದ್ದೆಗೆಟ್ಟು ಬರೆದಿಟ್ಟದ್ದು, ಎಲ್ಲವೂ ಹೋಯಿತು. ಹುಡುಗನನ್ನು ಬೈದು ಫಲವಿಲ್ಲ, ಅವನಿಗೂ ಯಾರೂ ಮುಂಚಿತವಾಗಿ ಹೇಳಿರಲಿಲ್ಲ. ಇಂಥ ಖಾತೆಯನ್ನು ಅಳಿಸಿದ 20 ದಿನಗಳೊಳಗೆ ಸಂಸ್ಥೆ ಮನಸ್ಸು ಮಾಡಿದರೆ ಮರಳಿ ತರಬಹುದು. ಇವಳು ಮೂರನೆಯ ದಿನವೇ ಪತ್ರ ಬರೆದಳು. ಉತ್ತರ ಬಂದದ್ದು ಇಪ್ಪತ್ತಾರನೆಯ ದಿನ. ಹೊರಗಿನ ವಿದ್ಯಾರ್ಥಿಗಳ ಮನವಿಯನ್ನು ಪರಿಗಣಿಸಲಾಗದಂತೆ.

ಹೊರಗಿನವರು! ಜಂಟಿಯಾಗಿ ಅಧ್ಯಯನ ಮಾಡಿ ಎಂದು ಭಾಷಣದಲ್ಲಿ ಹೇಳುವಾಗ ಯಾರೂ ಹೊರಗಿನವರಾಗಿರಲಿಲ್ಲ.

ಜಾಗಕ್ಕೆ ದುಡ್ಡು ಬೇಕಲ್ಲ ಎನ್ನುವವರಿದ್ದಾರೆ. ನಿಜ. ಶಿಕ್ಷಣ ಸಂಸ್ಥೆಗಳಿಗೆ ಲೆಕ್ಕವಿಲ್ಲದಷ್ಟು ಜಾಗ ಪುಕ್ಕಟೆ ಕೊಡುತ್ತಿದ್ದ ಗೂಗಲ್, ಇನ್ನು ಇಡೀ ಸಂಸ್ಥೆಗೆ 100 ಟಿಬಿ ಮಾತ್ರ ಎಂದು 2021ರಲ್ಲಿ ಪ್ರಕಟಿಸಿತು. ಇಪ್ಪತ್ತು ಸಾವಿರ ವಿದ್ಯಾರ್ಥಿಗಳಿದ್ದರೆ ತಲೆಗೆ 5 ಜಿಬಿ. ಬಿಡಿ ವ್ಯಕ್ತಿಗೆ ಅದೇ ಕಂಪನಿ ಪುಕ್ಕಟೆ ಕೊಡುವುದು 15 ಜಿಬಿ! ಆದರೆ 43 ಜನರ ಮಾತಿನ ಅಕ್ಷರಗಳು ಎಷ್ಟು ಜಾಗ ತಿಂದಾವು? ಒಂದು ಮದುವೆಯ ವಿಡಿಯೋ ತಿನ್ನುವುದರಲ್ಲಿ ಚೂರುಪಾರೂ ಅಲ್ಲ. ಗುಟ್ಟಿನ ಮಾತೂ ಇದೆ. ಸಾಲಸೋಲ ಹೇಳಿಕೊಂಡ ಹೆಂಗಸರ ಮಾತಿಗೆ ಬೀಗ ಬೇಕು, ಒಪ್ಪಿದೆ. ಬೀಗ ಹಾಕುವುದು ಬೇರೆ, ಮನೆಯನ್ನೇ ಕೆಡವುವುದು ಬೇರೆ.

1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್ ಲೀ ಈ ವೆಬ್ಬಿನ ಯೋಜನೆ ಹಾಕಿದ್ದು ಯಾತಕ್ಕೆ? ಬೇರೆ ಬೇರೆ ವಿಶ್ವವಿದ್ಯಾಲಯಗಳಿಂದ ಬಂದು ಹೋಗುವ ವಿಜ್ಞಾನಿಗಳ ಮಾಹಿತಿ ಅವರೊಂದಿಗೇ ಕಳೆದುಹೋಗಬಾರದು ಎಂದು. 1993ರಲ್ಲಿ ಆ ಸಂಸ್ಥೆ ಅದನ್ನು ಜಗತ್ತಿಗೇ ಧಾರೆಯೆರೆದು ಕೊಟ್ಟಿತು. ಅದರ ಮೇಲೆ ಕಟ್ಟಿದ ಮನೆಯಲ್ಲಿ ನಮ್ಮವರು ಒಳಗಿನವರು, ಹೊರಗಿನವರು ಎಂದು ಗೆರೆ ಎಳೆಯುತ್ತಾರೆ. ನೆಕ್ಸ್ಟ್‌ಕ್ಲೌಡ್‌ನಂಥ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಜಂಟಿ ಕೆಲಸಗಳಿಗೆಂದೇ ಮೂರು ವಿಶ್ವವಿದ್ಯಾಲಯಗಳು ಸೇರಿ ಒಂದು ಕಣಜ ಕಟ್ಟಿಕೊಳ್ಳಬಹುದು. ಅಷ್ಟಾಗದಿದ್ದರೆ ಅಳಿಸುವ ಮೊದಲು ಫೋಲ್ಡರಿನಲ್ಲಿ ಪಾಲಿರುವ ಎಲ್ಲರಿಗೂ ಮೂರು ತಿಂಗಳ ಮುಂಚೆ ಒಂದು ಕಾಗದ ಬರೆಯಲಿ. ಬಾಡಿಗೆಯವರನ್ನು ಬಿಡಿಸುವಾಗಲೂ ನೋಟೀಸು ಕೊಡುವುದಿಲ್ಲವೇ?

ತಾಯಂದಿರೇ, ನಿಮ್ಮ ಮಗಳು ಇಂಥ ಕೆಲಸದಲ್ಲಿದ್ದರೆ ಇವತ್ತೇ ಕೇಳಿ. ಸಂಸ್ಥೆಯ ಖಾತೆಯಲ್ಲಿ ಹುಟ್ಟಿದ ಕಡತದ ಒಡೆತನವನ್ನು ಹೊರಗಿನ ಖಾತೆಗೆ ವರ್ಗಾಯಿಸಲು ಬರುವುದಿಲ್ಲ. ಪ್ರತಿ ತೆಗೆದುಕೊಳ್ಳಬಹುದು. ಆದರೆ ಆ ಪ್ರತಿಯಲ್ಲಿ ಹಳೆಯ ದಾಖಲೆ ಇರುವುದಿಲ್ಲ. ಬರಹ ಉಳಿಯುತ್ತದೆ, ಬರೆದವಳು ಯಾರೆಂಬುದು ಉಳಿಯುವುದಿಲ್ಲ. ಬರೆಯುವವಳು ಅವಳಾದರೆ, ಫೋಲ್ಡರು ಮೊದಲ ದಿನದಿಂದಲೇ ಅವಳ ಸ್ವಂತ ಖಾತೆಯಲ್ಲಿರಲಿ. ವಾರಕ್ಕೊಮ್ಮೆ ಪೆನ್‌ಡ್ರೈವಿಗೂ ಇಳಿಸಿಕೊಳ್ಳಲಿ.

ಜುಲೈ ಮಳೆಯಲ್ಲಿ ಅವಳ ಜೊತೆ ನಾನೂ ಸಾಗರಕ್ಕೆ ಹೋದೆ. ಸುಲಿತದ ಕಾಲ ಮುಗಿದಿತ್ತು, ಹೆಂಗಸರು ನೆಟ್ಟಿಗೆ, ಕಳೆಗೆ ಎಂದು ಚದುರಿಹೋಗಿದ್ದರು. ಸಿಕ್ಕವರು ಹದಿನೇಳು ಜನ. ಅವರಲ್ಲಿ ಒಬ್ಬಾಕೆ ಜಗಲಿಯ ಮೇಲೆ ಕಂಬಳಿಕೊಪ್ಪೆ ಕೊಡವುತ್ತಾ, "ಅಲ್ಲ ತಂಗೀ, ಆವತ್ತು ಅಷ್ಟೆಲ್ಲ ಹೇಳಿದ್ನಲ್ಲ, ಅದೆಲ್ಲ ಎಲ್ಲಿಗೆ ಹೋಯ್ತು?" ಎಂದಳು. ನನ್ನ ಹುಡುಗಿ ನನ್ನ ಮುಖ ನೋಡಿದಳು.